ಚಳ್ಳಕೆರೆಗೆ ವರ್ಗವಾಗಿದೆ, ಮಕ್ಕಳಿಗೆ ಅಯೋಡಿನ್ ಮಾತ್ರೆ ತರಿಸಿಡಬೇಕೇ?

ಯಜಮಾನರಿಗೆ ಚಳ್ಳಕೆರೆಗೆ ವರ್ಗವಾಗಿದೆ, ಅಲ್ಲಿ ಅಣು ಘಟಕ ಬಂದಿದೆಯಂತೆ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಆನ್‌ಲೈನಿನಲ್ಲಿ ಅಯೋಡಿನ್ ಮಾತ್ರೆ ತರಿಸಿಡಲೇ ಎಂದು ಕೇಳಿದ್ದೀರಿ. ಅಣು ವಿದ್ಯುತ್ತೇ ಬೇಡ ಅನ್ನುವವರ ಮಾತು ಸರಿಯೇ ಅಂತಲೂ ಕೇಳಿದ್ದೀರಿ.

ಮಾತ್ರೆ ಬೇಡಮ್ಮ. ನಾನು ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಎಕ್ಸ್‌ರೇ ಟೆಕ್ನಿಷಿಯನ್, ಹುಟ್ಟಿದ್ದು ಚಳ್ಳಕೆರೆ ಸೀಮೆಯಲ್ಲೇ. ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ, ನನ್ನ ಮೈಗೆ ಎಷ್ಟು ವಿಕಿರಣ ಬಿತ್ತು ಅನ್ನುವುದು ಕಾಗದದಲ್ಲಿ ಬರುತ್ತದೆ. ಆ ಕಾಗದ ನೋಡಿದ ಮೇಲೆಯೇ ನನ್ನ ಹೆಂಡತಿಗೆ ಸಮಾಧಾನ. ನಿಮಗೂ ಬೇಕಾಗಿರುವುದು ಅಂಥದ್ದೊಂದು ಕಾಗದ.

ಮೊದಲು ಮಾತ್ರೆಯ ವಿಷಯ. ಅದು ಕಾಯುವುದು ಥೈರಾಯ್ಡ್ ಗ್ರಂಥಿಯೊಂದನ್ನು, ಅದೂ ವಿಕಿರಣಶೀಲ ಅಯೋಡಿನ್-131ರಿಂದ ಮಾತ್ರ. ಆ ಅಯೋಡಿನ್ ಹುಟ್ಟುವುದು ರಿಯಾಕ್ಟರಿನೊಳಗೆ, ಅಂದರೆ ಅಣು ಕುಲುಮೆಯೊಳಗೆ, ಪರಮಾಣು ಒಡೆದಾಗ. 1986ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿದು ಅದು ಹುಲ್ಲಿನ ಮೇಲೆ ಬಿತ್ತು, ಹಸು ಮೇಯ್ದವು, ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಪಕ್ಕದ ಪೋಲೆಂಡ್ ಕೆಲವೇ ದಿನಗಳಲ್ಲಿ 1 ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು. ಅಲ್ಲಿ ಅದು ಬೇಕಿತ್ತು. ಆದರೆ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ (ಬಾರ್ಕ್) ಜಾಗ ಕೊಟ್ಟಿದ್ದು ಯುರೇನಿಯಂ ಸಮೃದ್ಧಗೊಳಿಸುವ, ಅಂದರೆ ಅದರಲ್ಲಿ ಸುಲಭವಾಗಿ ಒಡೆಯುವ ಬಗೆಯ ಪಾಲು ಹೆಚ್ಚಿಸುವ ಕೆಲಸಕ್ಕೆ, ವಿದ್ಯುತ್ ತಯಾರಿಸುವುದಕ್ಕಲ್ಲ. ಆ ಕೆಲಸದಲ್ಲಿ ಪರಮಾಣು ಒಡೆಯುವುದಿಲ್ಲ, ಹಾಗಾಗಿ ಆ ಅಯೋಡಿನ್ ಹುಟ್ಟುವುದಿಲ್ಲ. ನಮ್ಮ ರಾಜ್ಯದ ಅಣು ವಿದ್ಯುತ್ ಸ್ಥಾವರ ಇರುವುದು ಕೈಗಾದಲ್ಲಿ. ಚಳ್ಳಕೆರೆಯಿಂದ ನೇರ ಅಳೆದರೂ ಸುಮಾರು 250 ಕಿ.ಮೀ. ದೂರ.

ಹಾಗಂತ ಯುರೇನಿಯಂ ಸಮೃದ್ಧಗೊಳಿಸುವ ಘಟಕದಲ್ಲಿ ಅಪಾಯವೇ ಇಲ್ಲ ಅಂದರೆ ಸುಳ್ಳು ಹೇಳಿದಂತಾಗುತ್ತದೆ. ಅಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಅನ್ನುವ ಅನಿಲ ಬಳಸುತ್ತಾರೆ. ಅದು ಸೋರಿ ಗಾಳಿಯ ತೇವಕ್ಕೆ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಆಗಿ ಶ್ವಾಸಕೋಶ ಸುಡುತ್ತದೆ. 1986ರ ಜನವರಿಯಲ್ಲಿ ಅಮೆರಿಕದ ಒಕ್ಲಹೋಮಾದ ಗೋರ್ ಊರಿನ ಯುರೇನಿಯಂ ಕಾರ್ಖಾನೆಯಲ್ಲಿ ಇದೇ ಅನಿಲದ ಸಿಲಿಂಡರ್ ಸಿಡಿದು ಒಬ್ಬ ಕಾರ್ಮಿಕ ತೀರಿಕೊಂಡ. ಕೊಂದದ್ದು ಆಮ್ಲದ ಹೊಗೆ, ವಿಕಿರಣವಲ್ಲ. ಅಂಥ ಹೊಗೆಗೆ ಅಯೋಡಿನ್ ಏನೂ ಮಾಡದು. ಸೋರಿಕೆಯ ಸುದ್ದಿ ಬಂದರೆ ಮನೆಯೊಳಗಿದ್ದು ಕಿಟಕಿ ಬಾಗಿಲು ಮುಚ್ಚಿ, ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಆಡಳಿತ ಹೇಳಿದಂತೆ ನಡೆಯುವುದೇ ದಾರಿ.

ಈಗ ಚರ್ಚೆಯ ವಿಷಯ. ನಾನು ಅಣು ವಿದ್ಯುತ್ತಿನ ವಿರೋಧಿಯಲ್ಲ. ಕಲ್ಲಿದ್ದಲಿನ ಬೂದಿ, ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ತಕರಾರು ಗುಟ್ಟಿನ ಮೇಲೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಐಐಎಸ್‌ಸಿ, ಬಾರ್ಕ್ ಮುಂತಾದ ಎಲ್ಲಕ್ಕೂ ಸೇರಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು, ಹೋಯಿತು. ದನ ಕುರಿ ಮೇಯಿಸಿ ಬದುಕುವವರಿಗೆ ವಿಷಯ ತಿಳಿದದ್ದು ತಡವಾಗಿ, ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ: 2000ನೇ ಇಸವಿಯಲ್ಲಿ ಬಾರ್ಕ್ ಘಟಕಗಳ ಸುರಕ್ಷತೆಯ ತಪಾಸಣೆಯನ್ನು ಅಣುಶಕ್ತಿ ನಿಯಂತ್ರಣ ಮಂಡಳಿಯಿಂದ ತೆಗೆದು ಬಾರ್ಕ್‌ನ ಒಳಗಿನ ಸಮಿತಿಗೇ ಒಪ್ಪಿಸಿದರು. ಕೆಲಸ ಮಾಡುವವರೂ ಅವರೇ, ತಪ್ಪು ಹುಡುಕುವವರೂ ಅವರೇ. ನನ್ನ ಬ್ಯಾಡ್ಜನ್ನು ನಾನೇ ಪರೀಕ್ಷೆ ಮಾಡಿಕೊಂಡು ನಾನೇ ಸಹಿ ಹಾಕಿದರೆ ನೀವು ನಂಬುತ್ತೀರಾ?

2009ರಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣಶೀಲ ಟ್ರಿಟಿಯಂ ಇದ್ದ ಭಾರಜಲ (ರಿಯಾಕ್ಟರಿನಲ್ಲಿ ಬಳಸುವ ವಿಶೇಷ ನೀರು) ಬೆರೆಸಿದ್ದರು. 50ಕ್ಕೂ ಹೆಚ್ಚು ಕಾರ್ಮಿಕರ ಮೈಗೆ ಅದು ಸೇರಿತ್ತು. ಬಯಲಾದದ್ದು ಅವರ ಮೂತ್ರವನ್ನು ತಪ್ಪದೆ ಪರೀಕ್ಷಿಸುತ್ತಿದ್ದುದರಿಂದ. ಅಳೆದರೆ ಸಿಗುತ್ತದೆ. ಹಾಗಾಗಿ ಚಳ್ಳಕೆರೆಯ ಸುತ್ತಲಿನ ಗಾಳಿ, ಬಾವಿ, ಹಾಲಿನ ಅಳತೆಯನ್ನು ಹೊರಗಿನವರಿಂದ ಮಾಡಿಸಿ, ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಅಂಟಿಸಿ ಅಂತ ನೀವೂ ಗ್ರಾಮಸಭೆಯಲ್ಲಿ ಕೇಳಿ.

ಮನೆಯ ಮಟ್ಟಿಗೆ ನೀವು ಮಾಡಬೇಕಾದ್ದು ಬೋರಿನ ನೀರಿನ ಪರೀಕ್ಷೆ. ನಮ್ಮ ಸೀಮೆಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲಿನ ಕಂದು ಕಲೆ ಅದರದ್ದೇ. ಗ್ರಾನೈಟ್ ಕಲ್ಲಿನ ನೆಲದ ಆಳದ ಬೋರ್‌ಗಳಲ್ಲಿ ಯುರೇನಿಯಂ ತಾನಾಗಿಯೇ ಇರಬಹುದು, ಅದಕ್ಕೆ ಯಾವ ಘಟಕವೂ ಬೇಕಿಲ್ಲ. ಅದು ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಎರಡೂ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ನೀರು ಕುಡಿಸಿ.

ಇನ್ನೊಂದು, ನನ್ನ ಕಣ್ಣೆದುರು ವಾರಕ್ಕೊಮ್ಮೆ ನಡೆಯುವುದು: ಮಗು ಮಂಚದಿಂದ ಬಿತ್ತು ಅಂತ, ಡಾಕ್ಟರು ಬೇಡ ಅಂದರೂ ತಲೆಯ ಸಿಟಿ ಸ್ಕ್ಯಾನ್ ಮಾಡಿ ಎಂದು ಹಟ ಹಿಡಿಯುವ ಅಪ್ಪ ಅಮ್ಮ. ಒಂದು ಸ್ಕ್ಯಾನಿಗೆ ಮೈಗೆ ಬೀಳುವ ವಿಕಿರಣ ಸುಮಾರು 2 ಮಿಲಿಸೀವರ್ಟ್ (ವಿಕಿರಣದ ಅಳತೆ). ನೆಲದಿಂದ, ಆಕಾಶದಿಂದ, ಗಾಳಿಯಿಂದ ಒಬ್ಬ ಮನುಷ್ಯನಿಗೆ ವರ್ಷವಿಡೀ ಬರುವುದು ಸರಾಸರಿ 2.4. ಡಾಕ್ಟರು ಬೇಕು ಅಂದರೆ ಖಂಡಿತ ಮಾಡಿಸಿ, ಬೇಡ ಅಂದರೆ ಬಿಡಿ.

ಹೊಸ ಮನೆಗೆ ಹೋದ ವಾರವೇ ನೀರಿನ ಮಾದರಿ ಕೊಡಿ. ವರದಿ ಕೈಗೆ ಬಂದ ಮೇಲೆ ಫ್ಲೋರೈಡ್, ಯುರೇನಿಯಂ ಎರಡು ಸಾಲು ಇಲ್ಲಿ ಬರೆಯಿರಿ, ಓದಿ ಹೇಳುತ್ತೇನೆ.