ಹಿಂದಿನವರಿಗೂ ಕೇಳಿಸಬೇಕಾದರೆ

ಪ್ರಶ್ನೆ: ನಮ್ಮದು ಏಳು ಜನರ ತಂಡ. ಕೂಲಿ, ಗುತ್ತಿಗೆ ಪದ್ಧತಿ ಕುರಿತು ಮುಕ್ಕಾಲು ಗಂಟೆಯ ಬೀದಿ ನಾಟಕ ಆಡುತ್ತೇವೆ. ಹಿಂದೆ ನಿಂತವರಿಗೆ ಮಾತು ಕೇಳಿಸುವುದಿಲ್ಲ, ಅರ್ಧಕ್ಕೇ ಹೊರಟುಬಿಡುತ್ತಾರೆ. ಮೈಕ್ ಬಳಸಬೇಕೇ?

ಉತ್ತರ: ಬೇಡ. ಕೈಯಲ್ಲಿ ಮೈಕ್ ಹಿಡಿದರೆ ನಟರ ಮೈ ಕಟ್ಟಿಹಾಕಿದಂತೆ. ದೋಷ ಸಾಮಾನ್ಯವಾಗಿ ಜಾಗದಲ್ಲಿರುತ್ತದೆ. ಬಸ್ ನಿಲ್ದಾಣದ ಬಾಯಿ ಬಿಟ್ಟು, ಒಂದು ಬದಿ ಗೋಡೆಯಿರುವ ಮೂಲೆ ಹಿಡಿಯಿರಿ, ದನಿ ಚದುರುವುದಿಲ್ಲ. ಸುಮಾರು 20 ಅಡಿ ಅಗಲದ ವೃತ್ತವನ್ನು ಸುಣ್ಣದಲ್ಲಿ ಗೀಚಿ, ಮುಂದಿನ ಎರಡು ಸಾಲನ್ನು ಕೂರಿಸಿ. ಕೂರಿಸದಿದ್ದರೆ ಜನ ಒತ್ತಿಕೊಂಡು ಬಂದು ವೃತ್ತ ಹತ್ತಡಿಗೆ ಇಳಿಯುತ್ತದೆ, ಹಿಂದಿನವರಿಗೆ ಬರೀ ತಲೆಗಳೇ ಕಾಣುತ್ತವೆ. ನಟ ಯಾರಿಗಾದರೂ ಬೆನ್ನು ಮಾಡಲೇಬೇಕು, ಆದ್ದರಿಂದ ಮುಖ್ಯ ಮಾತನ್ನು ತಿರುಗುತ್ತ ಎರಡು ಸಲ ಹೇಳಿ, ಇಲ್ಲವೇ ಎದುರು ದಿಕ್ಕಿನವರು ಮರುನುಡಿಯಲಿ. ತಮಟೆ ಜನ ಸೇರಿಸಲು ಹತ್ತು ನಿಮಿಷ ಸಾಕು. ಮಾತಿನ ಮೇಲೆ ಬಾರಿಸಬೇಡಿ.

ಇನ್ನು ಅವಧಿ. ದೆಹಲಿಯ ಬೀದಿ ನಾಟಕ ತಂಡ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ ‘ಮಶೀನ್’ ಸುಮಾರು 13 ನಿಮಿಷದ್ದು. ಸೈಕಲ್ ಸ್ಟ್ಯಾಂಡ್, ಕ್ಯಾಂಟೀನ್ ಕೇಳಿದ ಕಾರ್ಮಿಕರ ಹೋರಾಟವೇ ಅದರ ಬೇರು. ಪಾಳಿ ಮುಗಿಸಿ ಬಸ್ಸಿಗೆ ಓಡುವವನನ್ನು ಮುಕ್ಕಾಲು ಗಂಟೆ ನಿಲ್ಲಿಸುವುದು ಅನ್ಯಾಯ. ನಿಮ್ಮದನ್ನು 20 ನಿಮಿಷಕ್ಕೆ ಇಳಿಸಿ. ಕತ್ತರಿ ಮೊದಲು ಭಾಷಣಕ್ಕೆ ಬೀಳಲಿ.