ನೀವು ಕೇಳಿದಿರಿ: ಟೊರಾಂಟೊಗೆ ಹೊರಟ ಧಾರವಾಡದ ಕಾಲುಗಳು

ಪ್ರಶ್ನೆ: ನನಗೆ 67 ವರ್ಷ, ನಿವೃತ್ತ ಶಾಲಾ ಶಿಕ್ಷಕಿ. ಮಗಳ ಬಾಣಂತನಕ್ಕೆ ಡಿಸೆಂಬರ್ ಕೊನೆಯಲ್ಲಿ ಟೊರಾಂಟೊಗೆ ಹೊರಟಿದ್ದೇನೆ. ಇಲ್ಲಿ ಬೆಳಗಾದರೆ ಸಾಧನಕೇರಿಯ ಕಡೆ ನಡೆದು ಬರುವುದು ರೂಢಿ. ಅಳಿಯ ಮಾತ್ರ, ‘ಹೊರಗೆ ಕಾಲಿಟ್ಟರೆ ಜಾರುತ್ತದೆ, ಮಾರ್ಚ್ ಮುಗಿಯುವವರೆಗೆ ಮನೆಯಲ್ಲೇ ಇದ್ದುಬಿಡಿ’ ಎನ್ನುತ್ತಾರೆ. ಮೂಳೆ ಸವೆದಿದೆ ಎಂದು ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಏನು ಮಾಡಲಿ?
– ಓದುಗರು, ಮಾಳಮಡ್ಡಿ, ಧಾರವಾಡ

ಉತ್ತರ: ಅಕ್ಕಾವರೇ, ಅಳಿಯನವರ ಕಾಳಜಿ ಸರಿ, ಉಪಾಯ ತಪ್ಪು. ದಿನವೂ ನಡೆಯುವವರು ಚಳಿಗಾಲವಿಡೀ ಸೋಫಾ ಹಿಡಿದು ಕುಳಿತರೆ ತೊಡೆಯ ಕಸುವು ಇಳಿಯುತ್ತದೆ. ಆಮೇಲೆ ಒಣ ನೆಲದ ಮೇಲೆಯೇ ಮುಗ್ಗರಿಸುತ್ತಾರೆ. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುತ್ತ ಅಂಥವರನ್ನು ಸಾಕಷ್ಟು ನೋಡಿದ್ದೇನೆ. ಹೊರಗೆ ಹೋಗಿ, ಆದರೆ ಹೊತ್ತು ನೋಡಿ ಹೋಗಿ.

ಜನವರಿಯ ಟೊರಾಂಟೊದಲ್ಲಿ ಹಗಲಿನ ಉಷ್ಣತೆ ಎಷ್ಟೋ ದಿನ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ಅದಕ್ಕಿಂತ ಕೆಳಗಿಳಿಯುತ್ತದೆ. ಹಗಲು ಕರಗಿದ ಹಿಮ ಕಾಲುದಾರಿಗೆ ಹರಿದು ರಾತ್ರಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅದನ್ನೇ ಬ್ಲ್ಯಾಕ್ ಐಸ್ ಎನ್ನುತ್ತಾರೆ. ಅದಕ್ಕೆ ಬಣ್ಣವೇ ಇಲ್ಲ, ಕೆಳಗಿನ ಡಾಂಬರೇ ಕಾಣುತ್ತದೆ. ಹಸಿ ರಸ್ತೆ ಕಂಡರೆ ಮಳೆ ಬಂದಿದೆ ಎಂದುಕೊಳ್ಳುವುದು ನಮ್ಮ ಕಣ್ಣಿನ ರೂಢಿ. ಅಲ್ಲಿ ಚಳಿಯ ಬೆಳಿಗ್ಗೆ ಹೊಳೆಯುವ ಹಸಿ ಜಾಗ ಕಂಡರೆ ಮಂಜುಗಡ್ಡೆ ಎಂದೇ ತಿಳಿಯಿರಿ. ಕಟ್ಟಡಗಳ ನೆರಳು, ಸೇತುವೆ, ಮಾಳಿಗೆಯ ನೀರು ಇಳಿಯುವ ಕೊಳವೆಯ ಬುಡ, ಇವುಗಳ ಬಗ್ಗೆ ಹೆಚ್ಚು ಎಚ್ಚರವಿರಲಿ. ನಸುಕಿನ ವಾಕಿಂಗ್ ಬಿಟ್ಟು, ಮಂಜು ಕರಗಲೆಂದು ದಾರಿಗೆ ಉಪ್ಪು ಹಾಕಿದ ಮೇಲೆ ಮಧ್ಯಾಹ್ನ ಹೊರಡಿ. ಇನ್ನೊಂದು ವಿಚಿತ್ರವಿದೆ. ಮಂಜುಗಡ್ಡೆ ಅತಿ ಜಾರುವುದು ಕಡು ಚಳಿಯಲ್ಲಲ್ಲ; ಅದರ ಮೈಮೇಲಿನ ತೆಳು ಪದರ ಸೊನ್ನೆಯ ಸಮೀಪದ ಚಳಿಯಲ್ಲಿ ಸಡಿಲವಾಗಿರುತ್ತದೆ, ಆಗಲೇ ಹೆಚ್ಚು ಜಾರುತ್ತದೆ. ಮೈನಸ್ 20ರ ದಿನ ಕಿವಿ ಕಾಪಾಡಿಕೊಳ್ಳಿ, ಸೊನ್ನೆಯ ಹತ್ತಿರದ ದಿನ ಕಾಲು ಕಾಪಾಡಿಕೊಳ್ಳಿ.

ನಡಿಗೆಯನ್ನು ನಿಮಗೆ ಬಹಳ ಹೇಳಬೇಕಿಲ್ಲ. ನವಲಗುಂದದ ಕಡೆ ಮಳೆಯ ಮರುದಿನ ಎರೆ ಹೊಲದ ದಾರಿಯಲ್ಲಿ ಯಾರೂ ಉದ್ದ ಹೆಜ್ಜೆ ಹಾಕುವುದಿಲ್ಲ. ಮೊಣಕಾಲು ತುಸು ಸಡಿಲಿಸಿ, ಮೈಯನ್ನು ಸ್ವಲ್ಪ ಮುಂದಕ್ಕೆ ತಂದು, ಗಿಡ್ಡ ಹೆಜ್ಜೆ ಇಡುತ್ತಾರೆ. ಅಲ್ಲಿಯೂ ಹಾಗೆಯೇ. ವ್ಯತ್ಯಾಸವಿಷ್ಟೇ: ಎರೆಯಲ್ಲಿ ಹೆಬ್ಬೆರಳು ಊರಿ ಹಿಡಿತ ಪಡೆಯಬಹುದು, ಮಂಜುಗಡ್ಡೆಯಲ್ಲಿ ಬೆರಳು ಇಳಿಯುವುದಿಲ್ಲ. ಆದ್ದರಿಂದ ಹಿಮ್ಮಡಿ ಮೊದಲು ಇಡದೆ ಇಡೀ ಅಂಗಾಲನ್ನು ಒಮ್ಮೆಲೇ ಇಡಿ, ಪಾದ ತುಸು ಹೊರಮುಖವಾಗಿರಲಿ, ಭಾರ ಮುಂದಿನ ಕಾಲಿನ ಮೇಲಿರಲಿ. ಕೈ ಜೇಬಿನಲ್ಲಿ ಬೇಡ, ಕೈಗವಸು ಹಾಕಿಕೊಳ್ಳಿ. ಕಾರಿನಿಂದ ಇಳಿಯುವಾಗ ಒಂದು ಕಾಲು ಹೊರಗೆ, ಒಂದು ಒಳಗೆ ಇಟ್ಟುಕೊಂಡು ಏಳಬೇಡಿ. ಮೈ ತಿರುಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಕಾರನ್ನು ಹಿಡಿದು ಏಳಿ. ಮೊಮ್ಮಗುವನ್ನು ಎತ್ತಿಕೊಂಡು ಮಂಜಿನ ಮೇಲೆ ನಡೆಯಲೇಬೇಡಿ. ಆ ಕೆಲಸ ಅಳಿಯನವರಿಗಿರಲಿ.

ಬೂಟನ್ನು ದುರ್ಗದ ಬೈಲಿನಲ್ಲಿ ಚೌಕಾಸಿ ಮಾಡಿ ಕೊಳ್ಳಬೇಡಿ, ಟೊರಾಂಟೊಗೆ ಹೋದ ಮೇಲೆಯೇ ಕೊಳ್ಳಿ. ಅಡಿ ಮೆತ್ತನೆಯ ರಬ್ಬರಿನದಾಗಿರಲಿ. ಗಟ್ಟಿ ಪ್ಲಾಸ್ಟಿಕ್ ಬೇಡ. ಟೊರಾಂಟೊದ ಪುನಶ್ಚೇತನ ಸಂಶೋಧನಾ ಕೇಂದ್ರವೊಂದು ಚಳಿಗಾಲದ ಬೂಟುಗಳನ್ನು ಓರೆ ಮಾಡಿದ ಮಂಜುಗಡ್ಡೆಯ ನೆಲದ ಮೇಲೆ ಜನರನ್ನು ನಡೆಸಿ ಪರೀಕ್ಷಿಸುತ್ತದೆ. 7 ಡಿಗ್ರಿ ಇಳಿಜಾರಿನಲ್ಲಿ ಜಾರದ ಬೂಟಿಗೆ ಒಂದು ಹಿಮಹರಳಿನ ಗುರುತು ಸಿಗುತ್ತದೆ. ಫಲಿತಾಂಶ 2016ರಿಂದ ಎಲ್ಲರಿಗೂ ಲಭ್ಯವಿದೆ, ಮಗಳಿಗೆ ನೋಡಲು ಹೇಳಿ. ಬೂಟಿನ ಮೇಲೆ ಎಳೆದು ಹಾಕುವ ಸಣ್ಣ ಲೋಹದ ಮುಳ್ಳುಗಳ ರಬ್ಬರ್ ಪಟ್ಟಿಯೂ ಒಳ್ಳೆಯದು. ಆದರೆ ಅಂಗಡಿಯ ಟೈಲ್ಸ್ ಮೇಲೆ ಅದೇ ಜಾರುತ್ತದೆ, ಒಳಗೆ ಹೋಗುವ ಮುನ್ನ ಕಳಚಿಡಬೇಕು.

ಸೀರೆಯ ವಿಷಯದಲ್ಲಿ ನಾನು ಮುಲಾಜು ನೋಡುವುದಿಲ್ಲ. ನಿರಿಗೆ ಪಾದ ಮುಚ್ಚುತ್ತದೆ, ಅಂಚು ನೆನೆದು ಗಟ್ಟಿಯಾಗುತ್ತದೆ. ಇಳಕಲ್ ಸೀರೆ ತೊಟ್ಟಿಲ ಶಾಸ್ತ್ರಕ್ಕಿರಲಿ, ರಸ್ತೆಗೆ ಪ್ಯಾಂಟ್ ತೊಡಿ. ಧಾರವಾಡದಿಂದ ಯಾರೂ ನೋಡಲು ಬರುವುದಿಲ್ಲ.

ಇಷ್ಟಾದರೂ ಬೀಳಬಹುದು. ಆಗ ಕೈಯನ್ನು ನೆಟ್ಟಗೆ ಚಾಚಿ ತಡೆಯಲು ಹೋದರೆ ಮಣಿಕಟ್ಟು ಮುರಿಯುತ್ತದೆ. ಮೊಣಕಾಲು ಬಾಗಿಸಿ ಪಕ್ಕಕ್ಕೆ ಹೊರಳಿ. ಹಿಂದಕ್ಕೆ ಬಿದ್ದರೆ ಗದ್ದವನ್ನು ಎದೆಗೆ ಒತ್ತಿ, ತಲೆ ಉಳಿಯುತ್ತದೆ. ಬಿದ್ದ ಕೂಡಲೇ ಏಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ, ತಲೆಗೆ ಸಣ್ಣ ಪೆಟ್ಟು ಬಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಪ್ರಯಾಣ ವಿಮೆ ಇಲ್ಲದೆ ವಿಮಾನ ಹತ್ತಬೇಡಿ.

ಈಗಿನಿಂದಲೇ ಕಾಲು ಗಟ್ಟಿ ಮಾಡಿಕೊಳ್ಳಿ. ಕೈ ಊರದೆ ಕುರ್ಚಿಯಿಂದ ಏಳುವುದು, ಅಡುಗೆ ಕಟ್ಟೆ ಹಿಡಿದು ಒಂದೇ ಕಾಲಿನ ಮೇಲೆ ನಿಲ್ಲುವುದು – ಹಾಲು ಕಾಯುವ ಹೊತ್ತಿನಲ್ಲಿ ಎರಡೂ ಆಗುತ್ತವೆ. ಮೂಳೆ ಸವೆದಿರುವುದರಿಂದ ಮೊದಲು ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ.

ಪ್ರಶ್ನೆ: ಮಗನ ಮನೆ ಕೆನಡಾದಲ್ಲಿ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮಂಜು ಕಟ್ಟುತ್ತದಂತೆ. ಬಿಸಿನೀರು ಸುರಿದರೆ ಕರಗುವುದಿಲ್ಲವೇ?
– ಓದುಗರು, ಗದಗ

ಉತ್ತರ: ಕರಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಮೊದಲಿಗಿಂತ ನುಣುಪಾಗಿ ಮತ್ತೆ ಕಟ್ಟುತ್ತದೆ. ಬೆಳಿಗ್ಗೆ ಹೊಸ್ತಿಲ ಮುಂದೆ ನೀರು ಚಿಮುಕಿಸುವ ಅಭ್ಯಾಸವನ್ನೂ ಅಲ್ಲಿ ಬಿಡಿ, ಅಂಚೆಯವನು ಬಿದ್ದಾನು. ಹಿಮ ಹಸಿಯಾಗಿರುವಾಗಲೇ ಸಲಿಕೆಯಿಂದ ತೆಗೆದು, ಮೇಲೆ ಉಪ್ಪು ಉದುರಿಸಬೇಕು. ಸುಮಾರು ಮೈನಸ್ 10ಕ್ಕಿಂತ ಕೆಳಗೆ ಸಾಮಾನ್ಯ ಉಪ್ಪಿನ ಆಟ ನಡೆಯುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಮರಳು. ಮರಳು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಒಂದು ಡಬ್ಬಿ ಬಾಗಿಲ ಒಳಗಡೆಯೇ ಇರಲಿ. ಅದನ್ನು ತರಲು ಮೆಟ್ಟಿಲಿಳಿದು ಗ್ಯಾರೇಜಿಗೆ ಹೋಗುವಂತಾಗಬಾರದು.