ಬಂಡೆಯಿಂದ ತಂದ ಸೀ ಅನೆಮನಿ ಜಾಗ ಬದಲಿಸುತ್ತಿದೆ

ಪ್ರಶ್ನೆ: ಮೂರು ವಾರಗಳ ಹಿಂದೆ ಸುರತ್ಕಲ್ ದೀಪಸ್ತಂಭದ ಬಳಿಯ ಬಂಡೆಗಳಿಂದ, ಇಳಿತದ ವೇಳೆಯಲ್ಲಿ, ಪುಟ್ಟ ಕಲ್ಲಿನ ಸಮೇತ ಒಂದು ಸೀ ಅನೆಮನಿಯನ್ನು (ಹೂವಿನಂತೆ ಕಾಣುವ ಕಡಲಪ್ರಾಣಿ) ತಂದು 60 ಲೀಟರಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಇಟ್ಟಿದ್ದೇನೆ. ಮೈಮೇಲೆ ಸಾಲುಸಾಲಾಗಿ ಸಣ್ಣ ಗುಳ್ಳೆಗಳಿದ್ದು, ಅವುಗಳಿಗೆ ಚಿಪ್ಪಿನ ಚೂರುಗಳು ಅಂಟಿಕೊಂಡಿವೆ. ಈಗ ಅದು ಕಲ್ಲು ಬಿಟ್ಟು ಗಾಜಿನ ಮೇಲೆ ಸರಿದಾಡುತ್ತಿದೆ. ಇದು ಯಾವ ಜಾತಿಯದು? ಜೊತೆಗೆ ಕ್ಲೌನ್ ಮೀನು ಬಿಡಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಚಿಪ್ಪಿನ ಚೂರುಗಳನ್ನು ಹಿಡಿದಿಟ್ಟುಕೊಳ್ಳುವ ಅಂಟುಗುಳ್ಳೆಗಳ ಸಾಲು ಆಂಥೊಪ್ಲೂರಾ ಎಂಬ ಅನೆಮನಿ ಕುಲದತ್ತ ಬೆರಳು ತೋರಿಸುತ್ತದೆ. ಇಳಿತದಲ್ಲಿ ನೀರು ಸರಿದಾಗ ಬಿಸಿಲಿಗೆ ಮೈ ಒಣಗದಂತೆ ಈ ಚೂರುಗಳು ಕಾಯುತ್ತವೆ. ಆದರೆ ಜಾತಿಯನ್ನು ಖಚಿತಪಡಿಸಲು ಪ್ರಾಣಿಯ ಒಳರಚನೆಯನ್ನೂ ಕುಟುಕುಕೋಶಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ವರ್ಣನೆಯನ್ನಷ್ಟೇ ಓದಿ ಹೆಸರಿಡುವುದು ಸರಿಯಲ್ಲ.

ಅದಕ್ಕಿಂತ ತುರ್ತಾಗಿ ನೋಡಬೇಕಾದದ್ದು ಬೇರೆಯೇ ಇದೆ. ಕಲ್ಲಿನ ಮೇಲೆ ಒಂದೇ ಬುಡದಿಂದ ಹಲವು ಚಿಕ್ಕ ಹೂಗಳು ಚಾಪೆಯಂತೆ ಹರಡಿದ್ದರೆ ಅದು ಅನೆಮನಿಯಲ್ಲ, ಅದರ ಸಂಬಂಧಿಯಾದ ಜೊಆಂಥಿಡ್ ಎಂಬ ಬೇರೆ ಪ್ರಾಣಿ. ಅವುಗಳಲ್ಲಿ ಕೆಲವು ಜಾತಿಗಳು ಪ್ಯಾಲಿಟಾಕ್ಸಿನ್ ಎಂಬ ಅತಿ ತೀವ್ರವಾದ ವಿಷವನ್ನು ಹೊಂದಿರುವುದರಿಂದ, ಅಂಥ ಕಲ್ಲನ್ನು ಬರಿಗೈಯಲ್ಲಿ ಉಜ್ಜುವುದನ್ನಾಗಲಿ ಬಿಸಿನೀರಿನಲ್ಲಿ ಕುದಿಸುವುದನ್ನಾಗಲಿ ದಯವಿಟ್ಟು ಎಂದಿಗೂ ಮಾಡಬೇಡಿ.

ಸುಖವಾಗಿರುವ ಅನೆಮನಿ ಸಾಮಾನ್ಯವಾಗಿ ಕೂತಲ್ಲೇ ಕೂತಿರುತ್ತದೆ. ಅದು ನಡೆಯುತ್ತಿದೆ ಎಂದರೆ ಬೆಳಕು, ನೀರಿನ ಹರಿವು ಅಥವಾ ನೀರಿನ ಗುಣ ಇವುಗಳಲ್ಲಿ ಯಾವುದೋ ಒಂದು ಒಗ್ಗಿಲ್ಲ. ಮೊದಲು ಉಪ್ಪನ್ನು ಅಳೆಯಿರಿ: ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.025ರ ಆಸುಪಾಸಿನಲ್ಲಿರಲಿ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಮಟ್ಟ ಇಳಿದಾಗ ಸೇರಿಸಬೇಕಾದದ್ದು ಸಮುದ್ರದ ನೀರನ್ನಲ್ಲ, ಆರ್‌ಓ ನೀರನ್ನು. ಹೊಸ ಟ್ಯಾಂಕ್‌ನಲ್ಲಿ ವಿಷಕಾರಿಯಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು, ನಿಮ್ಮದಕ್ಕೆ ಅಷ್ಟು ವಯಸ್ಸಾಗಿದೆಯೇ ನೋಡಿ. ಮೀನಿಗೆ ಹಾಕುವ ತಾಮ್ರದ ಔಷಧ ಅನೆಮನಿಗೆ ಪ್ರಾಣಾಂತಿಕ. ಪಂಪಿನ ನೀರೆಳೆಯುವ ಬಾಯಿಗೆ ಇಂದೇ ಸ್ಪಂಜು ಕಟ್ಟಿ, ಏಕೆಂದರೆ ಸರಿದಾಡುವ ಅನೆಮನಿಗಳು ಅಲ್ಲಿ ಸಿಕ್ಕಿಕೊಂಡು ಹರಿದುಹೋಗುವುದುಂಟು. ಗಾಜಿನಿಂದ ಅದನ್ನು ಉಗುರಿನಿಂದ ಕೆತ್ತಿ ತೆಗೆಯಬೇಡಿ. ಪಾದ (ಅಂಟಿಕೊಳ್ಳುವ ಬುಡ) ಹರಿದರೆ ಆ ಗಾಯದಿಂದಲೇ ಕೊಳೆತ ಶುರುವಾಗಬಹುದು.

ವಾರಕ್ಕೆ ಎರಡು ಸಲ ಹೆಸರುಕಾಳಿನಷ್ಟು ಸಿಗಡಿ ಅಥವಾ ಪಚ್ಚಿಲೆಯ ಮಾಂಸವನ್ನು ಚಿಮುಟದಿಂದ ಅದರ ಕೈಗಳಿಗೆ ಮುಟ್ಟಿಸಿ. ಆರೋಗ್ಯವಾಗಿದ್ದರೆ ಕೈಗಳು ತುಂಡಿಗೆ ಅಂಟಿಕೊಂಡು, ಒಂದೊಂದಾಗಿ ಒಳಕ್ಕೆ ಬಾಗಿ, ಅದನ್ನು ಬಾಯಿಗೆ ಸಾಗಿಸುತ್ತವೆ. ಒಮ್ಮೊಮ್ಮೆ ಮುದುಡಿ ಕಂದು ಲೋಳೆಯನ್ನು ಹೊರಹಾಕಿದರೆ ಗಾಬರಿ ಬೇಡ, ಅದು ವಿಸರ್ಜನೆ. ಬಾಯಿ ತೆರೆದೇ ಇದ್ದು ಒಳಭಾಗ ಹೊರಚಾಚಿ ದುರ್ವಾಸನೆ ಬಂದರೆ ಮಾತ್ರ ಅದನ್ನು ಕೂಡಲೇ ಹೊರತೆಗೆಯಿರಿ.

ಕ್ಲೌನ್ ಮೀನು ಬೇಡ. ಅವು ನಿಸರ್ಗದಲ್ಲಿ ವಾಸಿಸುವುದು ಹತ್ತೇ ಜಾತಿಯ ಅನೆಮನಿಗಳೊಂದಿಗೆ, ಆಂಥೊಪ್ಲೂರಾ ಅವುಗಳಲ್ಲಿಲ್ಲ.

ಚೆನ್ನಾಗಿ ನೋಡಿಕೊಂಡರೆ ಇವು ದೀರ್ಘಾಯುಷಿಗಳು. ಸ್ಕಾಟ್ಲೆಂಡಿನ ನಿಸರ್ಗಶಾಸ್ತ್ರಜ್ಞ ಜಾನ್ ಡಾಲ್ಯೆಲ್ 1828ರಲ್ಲಿ ಕಡಲಬಂಡೆಯಿಂದ ತಂದ ಒಂದು ಅನೆಮನಿ, ಪಂಪು ದೀಪಗಳಿಲ್ಲದ ಬರಿಯ ಗಾಜಿನ ಪಾತ್ರೆಯಲ್ಲಿ, ಕೈಯಿಂದಲೇ ಬದಲಿಸಿದ ಸಮುದ್ರದ ನೀರಿನಲ್ಲಿ 1887ರವರೆಗೆ ಬದುಕಿತ್ತು. ನಿಮಗೆ ಸಾಕಲಾಗದು ಎನಿಸಿದರೆ, ಟ್ಯಾಂಕ್‌ನಲ್ಲಿ ಅಂಗಡಿಯ ಯಾವ ಜೀವಿಯೂ ಇಲ್ಲದಿದ್ದ ಪಕ್ಷದಲ್ಲಿ ಮಾತ್ರ, ಇಳಿತದ ಹೊತ್ತಿನಲ್ಲಿ ಅದೇ ಬಂಡೆಯ ಸಂದಿಗೆ ಅದನ್ನು ಮರಳಿಸಿ.